ಹೊಳ್ಳಿ ನೋಡುವಷ್ಟು ಸದ್ದು

ಅವರ ಮೇಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಒಡೆದದ್ದಲ್ಲ, ಹುಳುಕೂ ಅಲ್ಲ. ಅರದಿಂದ ಉಜ್ಜಿ ಮಾಡಿದ ಹಾಗೆ ನುಣ್ಣನೆಯ ಅರ್ಧಚಂದ್ರದ ಕಚ್ಚು. ನಾನು ವೈದ್ಯೆ. ಮನುಷ್ಯರು ಎದುರಾದರೆ ಮೊದಲು ಹಲ್ಲು, ಕಣ್ಣು, ಉಗುರು ನೋಡುವ ಚಟ ನನಗೆ ಆಗಲೇ ಅಂಟಿತ್ತು. ದಾರ ಕಚ್ಚಿ ಕಚ್ಚಿ ಸಿಂಪಿಗರ ಹಲ್ಲು ಸವೆಯುವುದನ್ನು ಕಂಡಿದ್ದೆ, ಇವರೂ ಹಿಂದೊಮ್ಮೆ ಬಟ್ಟೆ ಹೊಲಿಯುತ್ತಿದ್ದವರೇ ಇರಬೇಕು ಎಂದು ಮೊದಲ ನೋಟಕ್ಕೇ ತೀರ್ಮಾನಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಆ ತೀರ್ಮಾನ ತಲೆಕೆಳಗಾಯಿತು.

ಅವರು ಕುಂದಗೋಳದ ಹಾರ್ನ್ ಮಿಸ್ತ್ರಿ. ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಒಂದು ತಗಡಿನ ಅಂಗಡಿ. ಬೋರ್ಡು ಇರಲಿಲ್ಲ. ತೊಲೆಗೆ ಕಟ್ಟಿದ ತಂತಿಯ ಮೇಲೆ ಸಾಲಾಗಿ ಲಾರಿಯ, ಜೀಪಿನ, ಕಾರಿನ ಹಾರ್ನುಗಳು ನೇತಾಡುತ್ತಿದ್ದವು, ಅದೇ ಬೋರ್ಡು. ಬ್ಯಾಟರಿ, ಡೈನಮೊ, ದೀಪದ ಕೆಲಸವನ್ನೂ ಮಾಡುತ್ತಿದ್ದರು. ಆದರೆ ಲಕ್ಷ್ಮೇಶ್ವರದ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಹಾರ್ನಿಗಾಗಿ. ಚಹಾದ ಅಂಗಡಿಯಲ್ಲಿ ಕೂತವರೂ ಹಾರ್ಮೋನಿಯಂ ಸ್ವರ ಅರ್ಧ ಎಳೆ ಇಳಿದಿದೆ ಎಂದು ಜಗಳಾಡುವ ಸಂಗೀತದ ಊರು ಅದು. ಅಂಥ ಊರಿನಲ್ಲಿ ಹಾರ್ನಿನ ವಿಷಯಕ್ಕೆ ಎಲ್ಲರೂ ತಲೆಬಾಗುತ್ತಿದ್ದ ಈ ಮನುಷ್ಯನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ.

ನಾನು ಅವರ ಬಳಿಗೆ ಹೋಗಬೇಕಾಗಿ ಬಂದ ಕಥೆ ನನ್ನಪ್ಪನ ಕಾರಿನದು. ಅಪ್ಪ ಸಂಶಿಯಲ್ಲಿ ಡಾಕ್ಟರಾಗಿದ್ದರು. ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿಯಿಂದ ಕೊಂಡ ಹಳೆಯ ವಿಲಾಯತಿ ಕಾರು. ಗುಂಡು ಮೂತಿ, ಒಳಗೆ ಕಟ್ಟಿಗೆಯ ಹಲಗೆ, ಮುಂದಿನ ಜಾಲರಿಯ ಹಿಂದೆ ಶಂಖದಂತೆ ಸುರುಳಿ ಸುತ್ತಿದ ಎರಡು ಹಾರ್ನು. ಒಂದು ದಪ್ಪ ದನಿಯದು, ಒಂದು ಸಣ್ಣ ದನಿಯದು. ವಾರಕ್ಕೆರಡು ಮಧ್ಯಾಹ್ನ ಅಪ್ಪ ಸುತ್ತಲಿನ ಹಳ್ಳಿಗಳಿಗೆ ಹೊರಡುತ್ತಿದ್ದರು. ನಮ್ಮ ಕಡೆಯದು ಎರೆ ಭೂಮಿ. ಎರಡು ಹನಿ ಬಿದ್ದರೆ ಸಾಕು, ಹಳ್ಳಿಯೊಳಗಿನ ದಾರಿಯ ಮಣ್ಣು ಗಾಲಿಗೆ ಮೆತ್ತಿಕೊಂಡು ಕಾರು ಅಲ್ಲೇ ಕೂತುಬಿಡುತ್ತದೆ. ಅದಕ್ಕೆ ಅಪ್ಪ ಕುಬಿಹಾಳದ ಕ್ರಾಸಿನಲ್ಲಿ, ಡಾಂಬರು ರಸ್ತೆಯ ಮೇಲೆಯೇ, ಬೇವಿನ ಮರದ ಕೆಳಗೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಒಂದು ಉದ್ದ, ಒಂದು ಗಿಡ್ಡ. ಹೊಲದಲ್ಲಿದ್ದವರು, ಮನೆಯಲ್ಲಿದ್ದವರು ರೋಗಿಯನ್ನು ಕರೆದುಕೊಂಡು ರಸ್ತೆಗೆ ಬರುತ್ತಿದ್ದರು. ನಡೆಯಲಾರದವರಿದ್ದರೆ ಯಾರಾದರೂ ಓಡಿ ಬಂದು ಹೇಳುತ್ತಿದ್ದರು, ಅಪ್ಪ ಧೋತರ ಎತ್ತಿ ಕಟ್ಟಿ ಕೆಸರಿನಲ್ಲಿ ನಡೆದುಹೋಗುತ್ತಿದ್ದರು. ಅಷ್ಟು ವರ್ಷ ಆ ಸೀಮೆಯ ದವಾಖಾನೆಯ ಗಂಟೆ ಎಂದರೆ ಆ ಹಾರ್ನು.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ತೀರಿಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯ ಕೆಲಸ ಬಿಟ್ಟು ನಾನು ಸಂಶಿಗೆ ಬಂದು ಅಪ್ಪನ ಕುರ್ಚಿಯಲ್ಲೂ ಕಾರಿನಲ್ಲೂ ಕೂತೆ. ಹೆಣ್ಣುಮಗಳು ಕಾರು ಓಡಿಸುವುದನ್ನು ನೋಡಲು ಬರುತ್ತಿದ್ದವರೇ ಮೊದಮೊದಲು ರೋಗಿಗಳಿಗಿಂತ ಹೆಚ್ಚು. ಜನರ ಬಾಯಲ್ಲಿ ಅಪ್ಪ ಸಾಹೇಬರು, ನಾನು ಬಾಯಾರು. ಎರಡು ತಿಂಗಳಾಗುವಷ್ಟರಲ್ಲಿ ದಪ್ಪ ದನಿಯ ಹಾರ್ನು ನೆಗಡಿ ಬಂದವರಂತೆ ಗೊರಗೊರ ಎಂದು, ಒಂದು ದಿನ ಸುಮ್ಮನಾಯಿತು. ಸಣ್ಣದು ಒಂಟಿಯಾಗಿ ಕಿರುಗುಟ್ಟುತ್ತಿತ್ತು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಹುಬ್ಬಳ್ಳಿಗೆ ಹೋಗಿ ಹಳೆಯವನ್ನು ಬಿಚ್ಚಿಸಿ, ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಎಸೆದು, ಹೊಸ ಜೋಡಿಯೊಂದನ್ನು ಕೂಡಿಸಿಕೊಂಡು ಬಂದೆ. ಗಟ್ಟಿ ದನಿ, ಮೈಲು ದೂರ ಕೇಳುವಂಥದು. ನನಗೆ ಖುಷಿಯೇ ಆಗಿತ್ತು.

ಕುಬಿಹಾಳದ ಕ್ರಾಸಿನಲ್ಲಿ ಅದನ್ನು ಎರಡು ಸಲ ಹೊಡೆದೆ. ಯಾರೂ ಬರಲಿಲ್ಲ. ಮತ್ತೆ ಹೊಡೆದೆ. ಬಂದವರಿಲ್ಲ, ಆದರೆ ಓಡುವವರು ಕಂಡರು! ನಾಲ್ಕೈದು ಗಂಡಸರು ಧೋತರ ಹಿಡಿದುಕೊಂಡು ಎದೆಯೆತ್ತರದ ಜೋಳದ ಹೊಲದೊಳಗೆ ನುಗ್ಗಿ ಮಾಯವಾದರು. ನನಗೆ ಒಂದೂ ತಿಳಿಯಲಿಲ್ಲ. ಅರ್ಧ ಗಂಟೆ ಕಾದು ಮುಂದಿನ ಹಳ್ಳಿಗೆ ಹೋದೆ, ಅಲ್ಲೂ ಅದೇ ಕಥೆ.

ಮರುದಿನ ಮುಂಜಾನೆ ಚಕ್ಕಡಿಯೊಂದು ನಮ್ಮ ದವಾಖಾನೆಯ ಮುಂದೆ ನಿಂತಿತು. ಒಳಗೆ ಕುಬಿಹಾಳದ ಬಾಣಂತಿಯೊಬ್ಬಳು, ಮೈ ಕೆಂಡ, ನಾಡಿ ಕೈಗೆ ಸಿಗುತ್ತಿರಲಿಲ್ಲ. ಹಿಂದಿನ ದಿನವೇ ಜ್ವರ ಏರಿತ್ತಂತೆ. ನನ್ನ ಬೇವಿನ ಮರಕ್ಕೂ ಅವರ ಮನೆಗೂ ಕೂಗಿದರೆ ಕೇಳುವಷ್ಟೇ ದೂರ. "ನಿನ್ನೆ ಹಾರ್ನ್ ಹೊಡೆದೆನಲ್ಲ, ಯಾಕೆ ಬರಲಿಲ್ಲ?" ಎಂದು ಅವಳ ಅತ್ತೆಯ ಮೇಲೆ ರೇಗಿದೆ.

"ಅದು ನೀವಂತ ನಮಗೇನ್ ಗೊತ್ತರೀ ಬಾಯಾರ? ಆಪ್ರೇಶನ್ ಜೀಪ್ ಬಂತು ಅಂತ ನಾ ಬಾಗಲಾ ಹಾಕ್ಕೊಂಡು ಕುಂತೆ. ಸಾಹೇಬ್ರ ಮೋಟಾರ ಹಂಗ ಒದರೂದಿಲ್ಲಲ್ರಿ!" ಎಂದು ಆಕೆ ಅತ್ತಳು.

ಕೆಲವು ವರ್ಷಗಳ ಹಿಂದೆ ಗಂಡಸರನ್ನು ಹಿಡಿದು ಸಂತಾನ ನಿಯಂತ್ರಣದ ಆಪರೇಶನ್ನಿಗೆ ಒಯ್ಯುತ್ತಿದ್ದ ಜೀಪು ಅದು. ಜೀಪು ಬರುವುದು ನಿಂತಿತ್ತು, ಹೆದರಿಕೆ ನಿಂತಿರಲಿಲ್ಲ. ನಾನು ಖುಷಿಯಿಂದ ತಂದ ಹಾರ್ನಿನ ದನಿ ಥೇಟ್ ಆ ಜೀಪಿನದೇ ಆಗಿತ್ತು. ಬಾಣಂತಿ ಉಳಿದಳು, ಎಂಟು ದಿನ ನನ್ನ ಜೀವವನ್ನೂ ಹಿಂಡಿ ಉಳಿದಳು. ಅಪ್ಪನ ಕಾಲದಿಂದ ನಮ್ಮಲ್ಲಿದ್ದ ಕಂಪೌಂಡರ್ ಆಮೇಲೆ ಒಂದೇ ಮಾತು ಹೇಳಿದ. "ಕುಂದಗೋಳದ ಮಿಸ್ತ್ರಿ ಕಡೆ ಹೋಗ್ರಿ. ಸಾಹೇಬ್ರು ಅಲ್ಲಿಗೇ ಹೋಗ್ತಿದ್ರು."

ಹೋದೆ. ಮಿಸ್ತ್ರಿ ಬೆನ್ನು ಮಾಡಿ ಕೂತು ಬ್ಯಾಟರಿಯ ತುದಿ ತಿಕ್ಕುತ್ತಿದ್ದರು. ನಾನು ಹಿಂದೆ ನಿಂತು ಎಲ್ಲ ವಿವರವಾಗಿ ಹೇಳಿದೆ. ಅವರ ಕೈ ತಿಕ್ಕುತ್ತಲೇ ಇತ್ತು. ಇನ್ನೊಮ್ಮೆ, ಜೋರಾಗಿ ಹೇಳಿದೆ. ಪಕ್ಕದ ಚಹಾದಂಗಡಿಯಲ್ಲಿ ಕೂತವರು ನಗತೊಡಗಿದರು. ನನ್ನ ನೆರಳು ಕಂಡು ಅವರೇ ತಿರುಗಿದರು. ಅರವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ.

"ಮಾರಿ ತೋರಿಸಿ ಮಾತಾಡ್ರಿ ಬಾಯಾರ. ನನ್ನ ಕಿವಿ ಸಣ್ಣಾಂವಿದ್ದಾಗs ಸೋರಿ ಹೋಗ್ಯಾವ" ಎಂದರು.

ನಾನು ಮುಖ ತೋರಿಸಿದೆ. ಅವರು ನನ್ನ ತುಟಿ ನೋಡಲಿಲ್ಲ, ಚೀಲದಿಂದ ಹೊರಬಂದ ಹಾರ್ನುಗಳನ್ನು ನೋಡಿದರು. ಎರಡೂ ಕೈಯಲ್ಲಿ ಎತ್ತಿಕೊಂಡು, "ಸಂಶಿ ಸಾಹೇಬ್ರುವು" ಎಂದರು. ಅವುಗಳ ಧೂಳು ಒರೆಸುತ್ತ, "ಹೋದ್ರಂತಲ್ರಿ" ಎಂದರು. ನಾನು ತಲೆಯಾಡಿಸಿದೆ. ಅಷ್ಟೇ ನಮ್ಮ ಪರಿಚಯ.

ದಪ್ಪ ಹಾರ್ನಿನ ಸುತ್ತಲಿನ ಸ್ಕ್ರೂ ಬಿಚ್ಚಿ ಒಳಗಿನ ತೆಳ್ಳನೆಯ ಉಕ್ಕಿನ ತಟ್ಟೆಯನ್ನು ಬೆಳಕಿಗೆ ಹಿಡಿದರು. ಹಾರ್ನಿನಲ್ಲಿ ನಡುಗಿ ಸದ್ದು ಮಾಡುವುದು ಅದೇ. ತುಕ್ಕಿನ ನಡುವೆ ಕೂದಲೆಳೆಯಂಥ ಬಿರುಕು. ತಮ್ಮ ಗುಜರಿಯ ಡಬ್ಬದಿಂದ ಬೇರೆ ಬೇರೆ ಹಾರ್ನುಗಳ ತಟ್ಟೆಗಳನ್ನು ತೆಗೆದು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಒತ್ತಿ ನೋಡಿ ಹತ್ತನೆಯದೋ ಹನ್ನೊಂದನೆಯದೋ ಒಪ್ಪಿದರು. ಒಂದಕ್ಕೊಂದು ತಾಗಿ ಬಿಟ್ಟು ಕರೆಂಟು ಹರಿಸುವ, ಕಿಡಿ ಹಾರಿ ಹಾರಿ ಗುಳಿಬಿದ್ದಿದ್ದ ಎರಡು ಪಾಯಿಂಟುಗಳನ್ನು ಪಾಲಿಶ್ ಪೇಪರಿನಿಂದ ಕನ್ನಡಿಯಂತೆ ಉಜ್ಜಿದರು. ಎಲ್ಲ ಜೋಡಿಸಿ, ಹುಬ್ಬಳ್ಳಿಯ ಜೋಡಿಯನ್ನು ಬಿಚ್ಚಿ ಆ ಹಾರ್ನನ್ನು ಕಾರಿಗೇ ಕಟ್ಟಿ, ಕರಡಿಗೆಯನ್ನು ಹೆಗಲ ಹಿಂದಕ್ಕೆ ಸರಿಸಿ, ಹಿಡಿಕೆ ಹೋಗಿ ಬರೀ ಕಬ್ಬಿಣ ಉಳಿದಿದ್ದ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಎತ್ತಿಕೊಂಡರು. ಅದರ ಒಂದು ತುದಿ ಹಾರ್ನಿನ ಮೇಲೆ. ಇನ್ನೊಂದು ತುದಿ ಬಾಯೊಳಗೆ, ಹಲ್ಲಿನ ಆ ಕಚ್ಚಿನಲ್ಲಿ, ಬೀಗದಲ್ಲಿ ಕೀಲಿ ಕೂತಷ್ಟು ಸರಿಯಾಗಿ ಕೂತಿತು.

ಕೈಸನ್ನೆಯಿಂದ ಒತ್ತಿರಿ ಎಂದರು. ಒತ್ತಿದೆ. ಚಹಾದಂಗಡಿಯ ಕಪ್ಪುಬಶಿಗಳು ನಡುಗಿದವು, ನಾನು ಒಂದು ಕಿವಿ ಮುಚ್ಚಿಕೊಂಡೆ. ಅವರು ಮಾತ್ರ ಮೊಳದ ದೂರದಲ್ಲಿ ಕಣ್ಣು ಮುಚ್ಚಿ, ಮಲಗಿದವರ ಉಸಿರು ಕೇಳುವವರಂತೆ ನಿಂತಿದ್ದರು. ಎಡಗೈ ಹಾರ್ನಿನ ಹಿಂದಿನ ತಿರುಪನ್ನು ಎಳ್ಳಿನಷ್ಟು ತಿರುಗಿಸುತ್ತಿತ್ತು. ಮತ್ತೆ ಒತ್ತಿದೆ, ಮತ್ತೆ ಎಳ್ಳಿನಷ್ಟು. ನನ್ನ ಕಿವಿಗೆ ಮೂರನೆಯ ಸಲಕ್ಕೇ ಎಲ್ಲ ಸರಿಯಾಗಿತ್ತು. ಅವರು ಸ್ಕ್ರೂಡ್ರೈವರ್ ಬಾಯಿಂದ ತೆಗೆದು ತಲೆಯಾಡಿಸಿದರು.

"ಇನ್ನೂ ಬಂದಿಲ್ರಿ. ಸಾಹೇಬ್ರದು ಕೊನಿಗೆ ತಟಗ ನಡಗತಿತ್ತು."

ಹುಟ್ಟಿದಾಗಿನಿಂದ ಆ ಹಾರ್ನು ಕೇಳಿದವಳು ನಾನು. ನಡುಕವನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅವರು ಮತ್ತೆರಡು ಸಲ ತಿರುಪು ತಿರುಗಿಸಿದರು, ನಾನು ಒತ್ತಿ ಬಿಟ್ಟೆ. ದನಿ ಮುಗಿಯುವ ಕೊನೆಯಲ್ಲಿ ಸಣ್ಣದಾಗಿ ನಡುಗಿತು. ಆ ನಡುಕದೊಳಗೆ ಹಿಂದಿನಂತೆ ಅಪ್ಪ ಸಂಜೆ ಓಣಿಯ ತಿರುವಿನಲ್ಲಿ ಬಂದರು, ಅವ್ವ ಚಹಾಕ್ಕೆ ನೀರಿಡಲು ಎದ್ದಳು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಾನು ಅತ್ತುಬಿಟ್ಟೆ. ಕೇಳಿಸದ ಮನುಷ್ಯ ಅಪ್ಪನ ದನಿಯನ್ನು ಹಲ್ಲಿನಲ್ಲಿ ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅವರು ನನ್ನನ್ನು ಅಳಲು ಬಿಟ್ಟು ಪಾನಾ ಹಿಡಿದು ತಿರುಪಿನ ನಟ್ಟು ಬಿಗಿ ಮಾಡಿದರು. ಬಿಗಿ ಮಾಡುವಾಗ ತಿರುಪು ಕೂದಲಷ್ಟು ಮುಂದೆ ಹೋಗುತ್ತದಂತೆ. ಅದಕ್ಕೆ ಮೊದಲೇ ಅಷ್ಟು ಹಿಂದೆ ನಿಲ್ಲಿಸಿರುತ್ತಿದ್ದರು.

ಕಣ್ಣು ಒರೆಸಿಕೊಂಡ ಮೇಲೆ ನನ್ನೊಳಗಿನ ಡಾಕ್ಟರು ಎದ್ದಳು. ಬ್ಯಾಗಿನಿಂದ ಟ್ಯೂನಿಂಗ್ ಫೋರ್ಕ್ ತೆಗೆದೆ. ಕಿವಿ ಪರೀಕ್ಷೆಗೆ ಬಳಸುವ, ಎರಡು ಕವಲಿನ ಉಕ್ಕಿನ ಕಡ್ಡಿ ಅದು. ಬಡಿದು ಅವರ ಕಿವಿಯ ಹತ್ತಿರ ಹಿಡಿದೆ, ಇಲ್ಲ ಎಂದರು. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ, ಮುಖ ಅರಳಿತು. ಹೊರಗಿನ ದಾರಿ ಮಾತ್ರ ಕೆಟ್ಟಿತ್ತು, ಒಳಗಿನ ನರ ಜೀವಂತವಾಗಿತ್ತು, ಹಲ್ಲು ಎಲುಬುಗಳ ಮೂಲಕ ಸದ್ದು ಅಲ್ಲಿಗೆ ಮುಟ್ಟುತ್ತಿತ್ತು. ಪುಸ್ತಕದಲ್ಲಿ ನಾನು ಒಂದು ಪುಟ ಓದಿ ಪಾಸಾದದ್ದನ್ನು ಈ ಮನುಷ್ಯ ತಾವೇ ಕಂಡುಕೊಂಡು ಅದರ ಮೇಲೆ ಒಂದು ಜೀವನ ಕಟ್ಟಿದ್ದರು. ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿದ್ದ ಕಿವಿ ಡಾಕ್ಟರಿದ್ದಾರೆ, ಆಪರೇಶನ್ ಮಾಡಿಸೋಣ ಎಂದೆ.

"ಬ್ಯಾಡ್ರಿ. ಕಿವಿ ಬಂದ್ರ ಈ ಮಂದೀದೆಲ್ಲಾ ಕೇಳಬೇಕಾಕ್ಕೈತಿ" ಎಂದು ಚಹಾದಂಗಡಿಯ ಕಡೆ ಕೈ ತೋರಿಸಿ ನಕ್ಕರು. ಆಮೇಲೆ ನಗದೆ ಹೇಳಿದರು. "ಮಾರಿ ನೋಡೂದು ಬಿಟ್ಟಬಿಡ್ತೇನ್ರಿ ಆಗ."

ಆ ಮಾತಿನ ಅರ್ಥ ನನಗೆ ಆಗ ಹತ್ತಲಿಲ್ಲ.

ಅಪ್ಪನ ದನಿಯೊಂದಿಗೆ ಕುಬಿಹಾಳದ ಕ್ರಾಸಿಗೆ ಹೋದೆ. ಒಂದು ಉದ್ದ, ಒಂದು ಗಿಡ್ಡ. ಈ ಸಲ ಯಾರೂ ಜೋಳದ ಹೊಲಕ್ಕೆ ಓಡಲಿಲ್ಲ, ಜನ ರಸ್ತೆಗೇ ಬಂದರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜ, ಕೋಲು ಊರಿಕೊಂಡು, ಮೊಣಕಾಲ ತನಕ ಕೆಸರು ಮಾಡಿಕೊಂಡು, ಕೆಮ್ಮುತ್ತ ಕೆಮ್ಮುತ್ತ ಬಂದ. ಬಂದವನು ಕಾರಿನೊಳಗೆ ಬಗ್ಗಿ ನನ್ನನ್ನು ನೋಡಿದ, ಹಿಂದಿನ ಸೀಟನ್ನೂ ನೋಡಿದ.

"ಸಾಹೇಬ್ರು ಹೋಗ್ಯಾರಂತ ಗೊತ್ತೈತ್ರಿ ನನಗ. ಆದ್ರೂ ದನಿ ಕೇಳಿ ಕಾಲು ತಾವs ಬಂದ್ಬಿಟ್ಟುವು" ಎಂದ.

"ಕೆಮ್ಮು ಬಹಳ ಇದೆಯಲ್ಲ ಅಜ್ಜಾ, ಎದೆ ತೋರಿಸು" ಎಂದೆ.

"ಇರಲಿ ಬಿಡವ್ವಾ. ಸಾಹೇಬ್ರ ಕೈಗುಣ ಬ್ಯಾರೆ ಇತ್ತು" ಎಂದು ಹೊಳ್ಳಿ, ಅದೇ ಕೆಸರಿನಲ್ಲಿ ವಾಪಸು ನಡೆದ. ಅವನ ಹಿಂದೆ ಇನ್ನಿಬ್ಬರು ಹೋದರು, ಉಳಿದವರೂ ಒಬ್ಬೊಬ್ಬರಾಗಿ ಚದುರಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕೆಮ್ಮು ಒಳ್ಳೆಯ ಕೆಮ್ಮಲ್ಲ ಎಂದು ನಾಲ್ಕು ಮಾರು ದೂರದಿಂದಲೇ ನನಗೆ ಗೊತ್ತಾಗಿತ್ತು. ನನ್ನ ಎಂಬಿಬಿಎಸ್ಸು, ಹುಬ್ಬಳ್ಳಿಯ ಅನುಭವ, ಎಲ್ಲ ಹಾರ್ನಿನ ಮುಂದೆ ಸೊನ್ನೆ. ಕಾರನ್ನು ನೇರ ಕುಂದಗೋಳಕ್ಕೆ ಓಡಿಸಿ ಮಿಸ್ತ್ರಿಗಳ ಮುಂದೆ ನಿಂತು, ಮುಖ ತೋರಿಸಿಯೇ ಜಗಳ ತೆಗೆದೆ. ನೀವು ನನ್ನಪ್ಪನನ್ನು ತಂದು ಸೀಟಿನಲ್ಲಿ ಕೂಡಿಸಿದಿರಿ, ನನಗೆ ಕೂರಲು ಜಾಗವೇ ಇಲ್ಲ ಎಂದೆ. ಕರೆದರೂ ಬರಲಿಲ್ಲ, ಬಂದರೂ ನಿಲ್ಲಲಿಲ್ಲ, ನಾನು ಯಾತಕ್ಕೆ ಡಾಕ್ಟರು ಎಂದೆ.

ಅವರು ಪೂರ್ತಿ ನೋಡಿದರು. ಕೇಳಿದರು ಎನ್ನುವ ಹಾಗಿಲ್ಲವಲ್ಲ. ನನ್ನ ಮಾತು ಮುಗಿದ ಮೇಲೆ, "ದನಿ ಕೊಡೂದು ನನ್ನ ಕೈಯಾಗೈತ್ರಿ. ಕೈಗುಣ ನಾ ಹ್ಯಾಂಗ ಕೊಡ್ಲಿ?" ಎಂದರು. ಕಾರಿನ ಮೂತಿಯ ಕಡೆ ನೋಡಿ, "ದಪ್ಪಂದು ಸಾಹೇಬ್ರದು ಇರ್ಲಿ. ಸಣ್ಣಂದು ನಿಮ್ಮದು ಮಾಡೂಣು. ಸಂತಿ ದಿವಸ ಬರ್ರಿ" ಎಂದರು.

ಸಂತೆಯ ದಿನ ಅವರು ನನ್ನ ಕಾರನ್ನು ಸಂತೆಯ ಬಾಯಿಗೆ ನಿಲ್ಲಿಸಿದರು. ಸಣ್ಣ ಹಾರ್ನಿಗೆ ಬೇರೆ ತಟ್ಟೆ ಹಾಕಿ ಆಗಿತ್ತು. ಸ್ಕ್ರೂಡ್ರೈವರ್ ಹಲ್ಲಿಗಿಟ್ಟು ಎರಡೂ ಒಂದಕ್ಕೊಂದು ಜಗಳಾಡದಂತೆ ಹೊಂದಿಸಿದರು. ಕೆಲಸ ಮುಗಿಯಿತೆಂದು ನಾನು ಅಂದುಕೊಂಡರೆ, ಅವರು ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿ ಕಾರಿಗೆ ಬೆನ್ನು ಮಾಡಿ, ಸಂತೆಯ ಕಡೆ ಮುಖ ಮಾಡಿ ನಿಂತರು.

"ನೀವು ಹೊಡೀರಿ. ನಾ ಮಂದಿ ನೋಡತೇನಿ."

ಹೊಡೆದೆ. ಉಳ್ಳಾಗಡ್ಡಿ ಆರಿಸುತ್ತಿದ್ದವನೊಬ್ಬ ಹಾರಿಬಿದ್ದ. "ಬೆಚ್ಚಿದ. ಹೆಚ್ಚಾತು" ಎಂದು ಬಂದು ತಿರುಪು ಹಿಂದಕ್ಕೆ ತಿರುಗಿಸಿ ಮತ್ತೆ ಹೋಗಿ ನಿಂತರು. ಹೊಡೆದೆ. ಯಾರೂ ತಲೆ ಎತ್ತಲಿಲ್ಲ. "ನೋಡಲಿಲ್ಲ. ಕಡಿಮಿ ಆತು." ಮತ್ತೆ ಬಂದರು, ಹೋದರು. ಏಳೆಂಟು ಸಲ ಹೀಗೆ ಆಯಿತು, ನನಗೆ ನಾಚಿಕೆಯಾಗತೊಡಗಿತು. ಕೊನೆಗೊಮ್ಮೆ ಹೊಡೆದಾಗ ತಕ್ಕಡಿ ಹಿಡಿದಿದ್ದ ಬೆಲ್ಲದ ಹೆಣ್ಣುಮಗಳು ತೂಗುವುದನ್ನು ನಿಲ್ಲಿಸಿ, ಯಾರೋ ಹೆಸರು ಹಿಡಿದು ಕರೆದರೆಂಬಂತೆ ನಿಧಾನವಾಗಿ ಹೊಳ್ಳಿ ನೋಡಿದಳು. ಆಕೆಯ ಬಾಜೂಕಿನವರೂ ನೋಡಿದರು. ಕಟ್ಟಿದ ಎತ್ತು ಕೂಡ ಮೇವು ಬಿಟ್ಟು ತಲೆಯೆತ್ತಿತು.

"ಬಂತ್ ನೋಡ್ರಿ!" ಎಂದು ಮಿಸ್ತ್ರಿ ಕೈ ಎತ್ತಿದರು. "ಹಾರ್ನ್ ಅಂದ್ರ ಬೈಯೂದಲ್ರಿ ಬಾಯಾರ, ಕರಿಯೂದು. ಮಂದಿ ಬೆಚ್ಚಬಾರದು, ಹೊಳ್ಳಿ ನೋಡಬೇಕು. ಅಷ್ಟs."

ಮಾರಿ ನೋಡೂದು ಬಿಟ್ಟಬಿಡ್ತೇನ್ರಿ ಎಂದಿದ್ದರಲ್ಲ, ಅದು ಆಗ ತಿಳಿಯಿತು. ಹಲ್ಲಿನಿಂದ ಅವರು ಹಾರ್ನನ್ನು ಕೇಳುತ್ತಿದ್ದರು. ಹಾರ್ನು ಏನು ಮಾಡುತ್ತದೆ ಎಂಬುದನ್ನು ಜನರ ಮುಖದ ಮೇಲೆ ಓದುತ್ತಿದ್ದರು. ಎರಡು ಕಿವಿ ನೆಟ್ಟಗಿದ್ದ ನಾನು ಹುಬ್ಬಳ್ಳಿಯ ಅಂಗಡಿಯಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ ಎಂದಷ್ಟೇ ಕೇಳಿದ್ದೆ, ಯಾರ ಎದೆಗೆ ಹೋಗಿ ಬೀಳುತ್ತದೆ ಎಂದು ಕೇಳಿರಲಿಲ್ಲ.

ಕುಬಿಹಾಳದಲ್ಲಿ ಮೊದಲ ವಾರ ಇಬ್ಬರು ಬಂದರು, ಮುಂದಿನ ವಾರ ಐವರು. ಮೂರನೆಯ ವಾರ ಆ ಅಜ್ಜ ಕೋಲೂರಿಕೊಂಡು ಬಂದು ಕಾರಿನ ಮೂತಿಯನ್ನೇ ನೋಡುತ್ತ ನಿಂತ. "ಇದು ಸಾಹೇಬ್ರದೂ ಅಲ್ಲ, ಆ ಜೀಪಿಂದೂ ಅಲ್ಲ. ಯಾರು ಕರಿಯಾಕತ್ತಾರ ನೋಡೂಣು ಅಂತ ಬಂದೆ" ಎಂದು, ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸಿದ. ಕ್ಷಯ ಇತ್ತು, ಗುಣವಾಯಿತು. ಬಾಯಾರ ಕೈಗುಣ ಚಲೋ ಐತಿ ಎಂದು ಆ ಸೀಮೆಯಲ್ಲೆಲ್ಲ ಡಂಗುರ ಹೊಡೆದವನು ಅವನೇ. ಆ ಕೈಗುಣದಲ್ಲಿ ಅರ್ಧ ಯಾರದೆಂದು ನನಗೆ ಗೊತ್ತಿತ್ತು.

ಆಮೇಲೆ ಪ್ರತಿ ಯುಗಾದಿ ಕಳೆದ ವಾರ ಕಾರನ್ನು ಕುಂದಗೋಳಕ್ಕೆ ಒಯ್ಯುವುದು ರೂಢಿಯಾಯಿತು. ಅವರು ಪಾಯಿಂಟು ಉಜ್ಜಿ, ಹಲ್ಲಿಗೆ ಕಬ್ಬಿಣವಿಟ್ಟು, ಎಳ್ಳಿನಷ್ಟು ತಿರುಗಿಸಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನನಗೆ ತಿಳಿಯದ ಹಾಗೆ ನಾನೂ ಅದನ್ನು ಕಲಿತೆ. ಕೆಟ್ಟ ಸುದ್ದಿ ಹೇಳುವಾಗ ಮನೆಯವರ ಮುಖ ನೋಡಿ ಮಾತಿನ ತಿರುಪು ಒಂದಿಷ್ಟು ಸಡಿಲ ಮಾಡುತ್ತಿದ್ದೆ.

ಆ ದಶಕದ ಕೊನೆಗೆ ಒಂದು ವರ್ಷ ಅವರು ಅಂಗಡಿಯಲ್ಲಿ ಇರಲಿಲ್ಲ. ಮನೆಗೆ ಹೋದೆ. ಓಣಿಯೊಳಗೆ ಕಾರು ಹೋಗದು. ಮೂಲೆಯಲ್ಲಿ ನಿಲ್ಲಿಸಿ ಅಭ್ಯಾಸಬಲದಿಂದ ಎರಡು ಸಲ ಹೊಡೆದು, ಕಿವುಡರ ಮನೆಗೆ ಹಾರ್ನೇ ಎಂದು ನಾಲಿಗೆ ಕಚ್ಚಿಕೊಂಡೆ. ಒಳಗೆ ಹೋದರೆ ಅವರು ಹಾಸಿಗೆಯಲ್ಲಿ ಎದ್ದು ಕೂತು, ಅಂಗಿಯ ಗುಂಡಿ ಹಾಕಿಕೊಂಡು, ಕರಡಿಗೆ ಸರಿಮಾಡಿಕೊಂಡು ಕಾಯುತ್ತಿದ್ದರು.

"ನೀವು ಬಂದಿದ್ದು ಗೊತ್ತಾತ್ರಿ. ಮನ್ಯಾಗಿನವ್ರೆಲ್ಲಾ ಬಾಗಲಾ ಕಡೆ ಹೊಳ್ಳಿದ್ರು" ಎಂದರು. "ಯಾರೂ ಬೆಚ್ಚಲಿಲ್ಲ. ಚಲೋ ಐತಿ ಇನ್ನೂ."

ಕಾಲು ಬಾತಿದ್ದವು, ಕೂತಲ್ಲೇ ಏದುಸಿರು. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಆ ಬಡಿತ ಕೇಳುತ್ತ ನಾನು ತಲೆ ತಗ್ಗಿಸಿದೆ, ಮುಖ ಕಾಣದಿರಲಿ ಎಂದು. ಅವರು ನನ್ನ ಗದ್ದಕ್ಕೆ ಎರಡು ಬೆರಳು ಹಚ್ಚಿ ಮಗಳ ಮುಖ ಎತ್ತಿದಂತೆ ಎತ್ತಿದರು.

"ಮಾರಿ ತೋರಿಸಿ ಹೇಳ್ರಿ ಬಾಯಾರ. ಪಾಯಿಂಟ್ ಸವದಾವೇನು?"

ಸುಳ್ಳು ಹೇಳುವುದಿದ್ದರೆ ಲೋಕದಲ್ಲಿ ಬೇರೆ ಯಾರಿಗಾದರೂ ಹೇಳಬಹುದಿತ್ತು. "ಸವದಾವ್ರಿ ಮಿಸ್ತ್ರೀರ" ಎಂದೆ. ಅವರು ಬೆಚ್ಚಲಿಲ್ಲ. ಸೊಸೆಗೆ ಚಹಾ ಇಡಲು ಹೇಳಿದರು. ಆ ಚಹಾ ಕುಡಿದು ಬಂದದ್ದೇ ಕೊನೆ. ನಾಲ್ಕನೆಯ ದಿನ ಹೋದರು.

ಅವರನ್ನು ವಿಭೂತಿ ಹಚ್ಚಿ, ಹೂವು ಏರಿಸಿ, ಲಿಂಗಾಯತರ ಪದ್ಧತಿಯಂತೆ ಪಲ್ಲಕ್ಕಿಯಂಥ ವಿಮಾನದಲ್ಲಿ ಕೂಡಿಸಿ ಓಣಿಯಿಂದ ಹೊರಗೆ ತಂದಾಗ ನಾನು ಮೂಲೆಯಲ್ಲಿ ಕಾರಿನ ಹತ್ತಿರ ನಿಂತಿದ್ದೆ. ಅರ್ಧ ಊರು ಸೇರಿತ್ತು. ವಿಮಾನ ಕಾರನ್ನು ದಾಟಿದ ಮೇಲೆ ಸೊಸೆ ಜನರನ್ನು ಸರಿಸಿಕೊಂಡು ನನ್ನ ಬಳಿ ಬಂದು, "ಒಂದ ಸಲ ಹೊಡೀರಿ ಬಾಯಾರ" ಎಂದಳು. ಸಾವಿನ ಮನೆಯ ಮುಂದೆ ಹಾರ್ನು ಹೇಗೆ ಹೊಡೆಯಲಿ ಎಂದು ಹಿಂಜರಿದೆ. ಆಕೆ ಕೈಮುಗಿದಳು.

ಒಂದು ಉದ್ದ, ಒಂದು ಗಿಡ್ಡ. ಅಪ್ಪನದೂ ನನ್ನದೂ ಕೂಡಿ ಹೋಯಿತು. ವಿಮಾನ ಹೊತ್ತವರು, ಭಜನೆಯವರು, ಮಾಳಿಗೆಯ ಮೇಲೆ ನಿಂತ ಹೆಣ್ಣುಮಕ್ಕಳು, ಎಲ್ಲರೂ ಮೆಲ್ಲಗೆ ಹೊಳ್ಳಿ ನನ್ನ ಕಡೆ ನೋಡಿದರು. ಒಬ್ಬರೂ ಬೆಚ್ಚಲಿಲ್ಲ. ಅವರೊಬ್ಬರು ಮಾತ್ರ ಎಂದಿನ ಹಾಗೆ ಕಾರಿಗೆ ಬೆನ್ನು ಮಾಡಿ, ಮಂದಿಯ ಕಡೆಗೆ ಮುಖ ಮಾಡಿ ಕೂತಿದ್ದರು.